ಅರವತ್ತರ ಮೇಲಿನ ಕೂಲಿ



ಸರ್ಕಾರದ ಕೆಲಸದಲ್ಲಿರುವವನಿಗೆ ನಮ್ಮ ರಾಜ್ಯದಲ್ಲಿ 60 ವರ್ಷ ತುಂಬಿದರೆ ಬಿಡುಗಡೆ. 2008ಕ್ಕೆ ಮೊದಲು 58ಕ್ಕೇ ಆಗುತ್ತಿತ್ತು. ಆ ದಿನ ಕಚೇರಿಯವರು ಹಾರ ಹಾಕಿ, ಹಣ್ಣಿನ ತಟ್ಟೆ ಕೈಗಿತ್ತು, ಮನೆಯ ಬಾಗಿಲವರೆಗೆ ಬಿಟ್ಟು ಬರುತ್ತಾರೆ. ಹೊಲದ ಕೂಲಿಗೆ ಹೋಗುವವರಿಗೆ ಇಂಥ ದಿನ ಯಾವುದು? ಈ ಸಲ ನಿಮ್ಮ ರಾಗಿ ಹೊಲದಲ್ಲಿ ಕಳೆ ತೆಗೆಯುವ ಸಾಲು ಕೂತಾಗ ಒಮ್ಮೆ ಎಣಿಸಿ ನೋಡಿರಿ. ಹತ್ತು ಜನರಲ್ಲಿ ತಲೆ ನೆರೆತವರು ಎಷ್ಟು? ಅವರಲ್ಲಿ ಮೊಮ್ಮಕ್ಕಳ ಮದುವೆ ಕಂಡವರು ಎಷ್ಟು?

2011ರ ಜನಗಣತಿ ದೇಶದ ಲೆಕ್ಕ ಕೊಟ್ಟಿದೆ. ಹಳ್ಳಿಗಳಲ್ಲಿ 60 ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 66 ಮಂದಿ, ಹೆಂಗಸರಲ್ಲಿ ಸುಮಾರು 28 ಮಂದಿ ದುಡಿಯುತ್ತಿದ್ದರು. ಪಟ್ಟಣಗಳಲ್ಲಿ ಇದು ಗಂಡಸರಲ್ಲಿ 46, ಹೆಂಗಸರಲ್ಲಿ 11 ಮಾತ್ರ. ಹೆಂಗಸರ ಲೆಕ್ಕವನ್ನು ಪೂರ್ತಿ ನಂಬಬೇಕಾಗಿಲ್ಲ. ಎಮ್ಮೆಗೆ ಹುಲ್ಲು ತಂದು, ಹಾಲು ಕರೆದು, ಕೊಟ್ಟಿಗೆ ಬಾಚಿದ ಅಜ್ಜಿಯನ್ನು ಗಣತಿಯವರು ಕೇಳಿದರೆ “ನಾನೇನು ಮಾಡ್ತೀನಪ್ಪ, ಮನೇಲಿರ್ತೀನಿ” ಎನ್ನುತ್ತಾಳೆ.

ಮುಪ್ಪಿನಲ್ಲಿ ದುಡಿಯುವುದು ತಪ್ಪೂ ಅಲ್ಲ, ಅವಮಾನವೂ ಅಲ್ಲ. ಸ್ವಂತ ಜಮೀನಿರುವ ಹಿರಿಯರು ಎಪ್ಪತ್ತರಲ್ಲಿಯೂ ಬೆಳಿಗ್ಗೆ ಎದ್ದು ಬದುವಿನ ಮೇಲೆ ಒಂದು ಸುತ್ತು ಬರುತ್ತಾರೆ. ಬಿಸಿಲೇರಿದರೆ ಹೊಂಗೆಮರದ ಕೆಳಗೆ ಕೂರುತ್ತಾರೆ. ಅವರನ್ನು ಕಂಡು ಯಾರೂ ಅಯ್ಯೋ ಎನ್ನಬೇಕಾಗಿಲ್ಲ. ಕೂಲಿಗೆ ಹೋದ ಮುದುಕನಿಗೆ ಆ ಹೊಂಗೆಮರ ಇಲ್ಲ. ಮೈ ಬಿಸಿಯಾಗಿದ್ದರೂ ಹೋಗಬೇಕು, ಮಂಡಿ ನೋಯುತ್ತಿದ್ದರೂ ಕೂತು ಏಳಬೇಕು. “ಇವತ್ತು ಬರಲಾರೆ” ಎಂಬ ಮಾತನ್ನು ಅವನು ಆಡಲಾರ. ಈ ಪಾಠದಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಇದೇ. ಮುದುಕರ ಕೂಲಿ ಇಳಿಯುವುದು ಅವರ ಶಕ್ತಿ ಇಳಿಯುವುದರಿಂದ ಮಾತ್ರವಲ್ಲ. ಬೇಡವೆನ್ನುವ ಸ್ಥಿತಿಯಲ್ಲಿ ಅವರಿಲ್ಲದಿರುವುದರಿಂದ.

ಅರ್ಧ ಆಳಿನ ಲೆಕ್ಕ

ನಮ್ಮ ಕಡೆ ಅನೇಕ ಊರುಗಳಲ್ಲಿ ವಯಸ್ಸಾದವರನ್ನು ‘ಅರ್ಧ ಆಳು’ ಎಂದು ಲೆಕ್ಕ ಹಾಕುವ ರೂಢಿ ಉಂಟು. ಬೆಳಿಗ್ಗೆ ಎಲ್ಲರ ಜೊತೆ ಬರುತ್ತಾರೆ, ಸಂಜೆ ಎಲ್ಲರ ಜೊತೆ ಏಳುತ್ತಾರೆ, ಬಟವಾಡೆಯ ಹೊತ್ತಿಗೆ ಮಾತ್ರ ಅರ್ಧವಾಗುತ್ತಾರೆ. ಹೆಂಗಸಾದರೆ ಮೊದಲೇ ಕಡಿಮೆಯಿದ್ದ ಕೂಲಿಯಲ್ಲಿ ಮತ್ತೂ ಅರ್ಧ.

ಕಾನೂನು ಏನು ಹೇಳುತ್ತದೆ? 1948ರ ಕನಿಷ್ಠ ಕೂಲಿ ಕಾಯಿದೆ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ದರ ಗೊತ್ತುಮಾಡಲು ಅವಕಾಶ ಕೊಟ್ಟಿತ್ತು. ಆದರೆ ಅದರಲ್ಲಿದ್ದ ಬಗೆಗಳು ವಯಸ್ಕರು, ಹದಿಹರೆಯದವರು, ಮಕ್ಕಳು, ಕೆಲಸ ಕಲಿಯುವವರು ಇಷ್ಟೇ. ಮುದುಕರು ಎಂಬ ಬಗೆ ಅದರಲ್ಲಿ ಇರಲಿಲ್ಲ. ಅರವತ್ತಾಗಲಿ ಎಪ್ಪತ್ತಾಗಲಿ ಆಳು ವಯಸ್ಕನೇ. ಆ ಕಾಯಿದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರಲ್ಲಿಯೂ ವಯಸ್ಸಾದವರಿಗೆ ಕಡಿಮೆ ಕೊಡಬಹುದೆಂಬ ಮಾತಿಲ್ಲ. ಹೆಣ್ಣು ಗಂಡು ಎಂಬ ಭೇದಕ್ಕೂ ಎಡೆಯಿಲ್ಲ. ವ್ಯವಸಾಯದ ಕೂಲಿಗೂ ಕನಿಷ್ಠ ದರ ಉಂಟು.

ಇಲ್ಲಿ ರೈತರು ಒಂದು ಪ್ರಶ್ನೆ ಕೇಳುತ್ತಾರೆ. “ನಾವೇನು ಸಾಹುಕಾರರೆ? ಎರಡೆಕರೆ ಇಟ್ಟುಕೊಂಡು ಸಾಲದಲ್ಲಿರುವವರು. ಅರ್ಧ ಕೆಲಸಕ್ಕೆ ಪೂರಾ ಕೂಲಿ ಹೇಗೆ ಕೊಡುವುದು?” ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಉತ್ತರ ದಾನಧರ್ಮದ ಮಾತಲ್ಲ, ಕೆಲಸ ಹಂಚುವ ಜಾಣತನ. ಅರ್ಧ ದಿನದ ಕೆಲಸಕ್ಕೆ ಅರ್ಧ ದಿನದ ಕೂಲಿ ಎಂದರೆ ನ್ಯಾಯ. ಪೂರಾ ದಿನ ನಿಲ್ಲಿಸಿಕೊಂಡು ಅರ್ಧ ಕೂಲಿ ಎಂದರೆ ಅನ್ಯಾಯ. ಬೆಳಿಗ್ಗೆ ಏಳಕ್ಕೆ ಕರೆದು ಹನ್ನೊಂದಕ್ಕೆ ಬಿಟ್ಟುಬಿಡಿರಿ. ಮುದುಕರು ತಂಪು ಹೊತ್ತಿನಲ್ಲಿ ಮಾಡುವ ಕೆಲಸ ಹರೆಯದವರದಕ್ಕಿಂತ ಬಹಳ ಹಿಂದೆ ಬೀಳುವುದಿಲ್ಲ. ಹಿಂದೆ ಬೀಳುವುದು ಮಧ್ಯಾಹ್ನದ ಬಿಸಿಲಿನಲ್ಲಿ.

ಕೈಗೆ ಕೈಯಾಗಿ ಎಣಿಸಬೇಕಾದ ಕೆಲಸ, ಕಣ್ಣಿಗೆ ಕಣ್ಣಾಗಿ ನೋಡಬೇಕಾದ ಕೆಲಸ ಎಂದು ಎರಡು ಬಗೆ ಉಂಟಲ್ಲವೆ? ಗೊಬ್ಬರ ಹೊರುವುದು, ಗುದ್ದಲಿ ಹಾಕುವುದು, ನಾಟಿಗೆ ಬಗ್ಗುವುದು ಮೊದಲನೆಯದು. ಬಿತ್ತನೆ ಕಡಲೆಕಾಯಿಯನ್ನು ಕೈಯಲ್ಲಿ ಸುಲಿಯುವುದು, ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುವುದು, ರೇಷ್ಮೆ ಮನೆಯಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುವುದು, ಬೀಜದ ತೆನೆ ಆರಿಸುವುದು, ಒಟ್ಲು ಪಾತಿ ಕಾಯುವುದು ಎರಡನೆಯದು. ಯಂತ್ರದಲ್ಲಿ ಸುಲಿದ ಕಡಲೆಬೀಜ ಹೋಳಾಗಿ, ಸಿಪ್ಪೆ ಬಿಟ್ಟು, ಮೊಳಕೆ ಕೆಡುತ್ತದೆಂದು ನಿಮಗೇ ಗೊತ್ತು. ಅಲ್ಲಿ ಅಜ್ಜಿಯ ಬೆರಳೇ ಮೇಲು. ಇಂಥ ಕೆಲಸವನ್ನು ಅಳತೆಯ ಮೇಲೆ, ಸೇರಿಗೆ ಇಷ್ಟು, ಕೆ.ಜಿ.ಗೆ ಇಷ್ಟು ಎಂದು ಗೊತ್ತುಮಾಡಿ ಕೊಡಬಹುದು. ಆದರೆ ಆ ದರವನ್ನು ಕಟ್ಟುವಾಗ ಎಚ್ಚರವಿರಲಿ. ಗಟ್ಟಿ ಆಳು ಒಂದು ದಿನ ಸುಲಿದರೆ ಆ ಊರಿನ ದಿನಗೂಲಿ ಹುಟ್ಟಬೇಕು. ಹಾಗೆ ಹುಟ್ಟದ ದರ ಮುದುಕರನ್ನು ನೋಡಿ ಇಳಿಸಿದ ದರ.

ಮೈಯ ವಿಚಾರವನ್ನೂ ತಿಳಿದಿರಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುತ್ತದೆ, ಬೆವರುವುದೂ ಕಡಿಮೆಯಾಗುತ್ತದೆ. ಮೈಯೊಳಗೆ ನೀರು ಬತ್ತಿದ್ದರೂ ಅವರು ಚೊಂಬು ಕೇಳುವುದಿಲ್ಲ. ರಕ್ತದ ಒತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನೂ ಹೆಚ್ಚಿಸುತ್ತವೆ. ಆದುದರಿಂದ ಕೇಳುವವರೆಗೆ ಕಾಯದೆ ಗಂಟೆಗೊಮ್ಮೆ ನೀರು, ಮಜ್ಜಿಗೆ ಕೊಡಿರಿ. ಕಳೆ ತೆಗೆಯುವ ಸಾಲಿನಲ್ಲಿ ಅಜ್ಜಿ ರಾಗಿ ಪೈರನ್ನೇ ಕಿತ್ತು ಕಾಡುರಾಗಿಯನ್ನು ಉಳಿಸಿದರೆ ಬೈಯಬೇಡಿರಿ. ಕಣ್ಣಿಗೆ ಪೊರೆ ಬಂದಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ. ಕಣ್ಣು ಬಂದವಳ ಕೂಲಿಯೂ ಬರುತ್ತದೆ.

ಕೈಯಲ್ಲಿ ಏಕೆ ಏನೂ ಉಳಿಯಲಿಲ್ಲ

“ಹರೆಯದಲ್ಲಿ ದುಡಿದದ್ದನ್ನು ಏನು ಮಾಡಿದರು?” ಎಂದು ಕೇಳುವವರಿದ್ದಾರೆ. 1975ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಬಂದದ್ದು ಆ ವರ್ಷದ ಅಕ್ಟೋಬರಿನಲ್ಲಿ, ಕಾಯಿದೆಯಾದದ್ದು 1976ರಲ್ಲಿ. ಇಂದು ನಿಮ್ಮ ಕಳೆಯ ಸಾಲಿನಲ್ಲಿ ಕೂತ ಹಿರಿಯರಲ್ಲಿ ಕೆಲವರು ಹುಡುಗತನದಲ್ಲಿ ಅಪ್ಪನ ಸಾಲಕ್ಕೆ ದನ ಕಾದವರು. ಅವರಿಗೆ ಕೂಲಿ ಎಂಬುದೇ ಇರಲಿಲ್ಲ, ಉಳಿತಾಯ ಎಲ್ಲಿಂದ ಬರಬೇಕು? ಹಿಂದೆ ಆಯಗಾರರಿಗೆ ಕಣದಲ್ಲಿ ಪಾಲು ಸಲ್ಲುತ್ತಿತ್ತು. ಮುದುಕನಾದರೂ ಮೊರದಲ್ಲಿ ಕಾಳು ಬೀಳುತ್ತಿತ್ತು. ಅದರ ಜೊತೆಗೆ ಜಾತಿಯ ಕಟ್ಟೂ ಇತ್ತು. ಅದು ಮರಳಲಿ ಎಂದು ಯಾರೂ ಬಯಸಲಾರರು. ಆದರೆ ಆ ಕಾಳಿನ ಜಾಗಕ್ಕೆ ಬಂದದ್ದೇನು?

ಬಂದದ್ದು ಪಿಂಚಣಿ. ಮುಪ್ಪಿನಲ್ಲಿ ಸರ್ಕಾರದ ನೆರವು ದೊರೆಯಬೇಕೆಂದು ನಮ್ಮ ಸಂವಿಧಾನದ 41ನೆಯ ವಿಧಿಯಲ್ಲಿ ಬರೆದಿದೆ. ಕೇಂದ್ರ ಸರ್ಕಾರ ಇಡೀ ದೇಶಕ್ಕೆ ವೃದ್ಧಾಪ್ಯ ವೇತನ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ತಿಂಗಳಿಗೆ 75 ರೂಪಾಯಿ. ಅದು 2006ರಲ್ಲಿ 200 ಆಯಿತು. 2011ರಲ್ಲಿ ವಯಸ್ಸಿನ ಮಿತಿ 65ರಿಂದ 60ಕ್ಕೆ ಇಳಿಯಿತು. 80 ದಾಟಿದವರಿಗೆ 500 ಎಂದಾಯಿತು. ಇದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಿತು. ಇದು 65 ತುಂಬಿದ ಸಣ್ಣ ರೈತರು, ಅತಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮೊದಲಾದವರಿಗೆ. 2021ರಲ್ಲಿ ಇದರ ಮೊತ್ತ 1,000ದಿಂದ 1,200ಕ್ಕೆ ಏರಿತು.

1,200ನ್ನು 30ರಿಂದ ಭಾಗಿಸಿ ನೋಡಿರಿ. ದಿನಕ್ಕೆ 40 ರೂಪಾಯಿ. ಇದರಿಂದ ಹೊಟ್ಟೆ ತುಂಬುವುದೆ? ಇಲ್ಲ. ಪಾವಗಡದ ಕಡೆಯವರು ಗಡಿಯಾಚೆಯ ನೆಂಟರನ್ನು ಕೇಳಿದರೆ ಬೇರೆ ಲೆಕ್ಕ ಹೇಳುತ್ತಾರೆ. ಆಂಧ್ರದಲ್ಲಿ 2024ರ ಜುಲೈ ತಿಂಗಳಿಂದ ಇದು 4,000 ಆಗಿದೆ. ಕೇರಳ 1980ರಷ್ಟು ಹಿಂದೆಯೇ ಕೃಷಿ ಕೂಲಿಗಳಿಗೆಂದೇ ಪಿಂಚಣಿ ಆರಂಭಿಸಿತ್ತು. ನಮ್ಮಲ್ಲಿ ಮೊತ್ತ ಸಾಲದು ಎಂದು ಹೇಳಲು ಗ್ರಾಮಸಭೆ ಇದೆ, ಹೇಳಬೇಕು.

ಆದರೂ ಈ 40 ರೂಪಾಯಿಯನ್ನು ಹಗುರವಾಗಿ ಕಾಣಬೇಡಿರಿ. ಪಡಿತರದ ಅಕ್ಕಿಯ ಜೊತೆಗೆ ತಿಂಗಳ ಬೇಳೆ, ಉಪ್ಪು, ಎಣ್ಣೆ, ಮಾತ್ರೆ ಇದರಲ್ಲಿ ಸಾಗಿದರೆ, ಜ್ವರ ಬಂದ ದಿನ ಮುದುಕಿ ಚಾಪೆಯ ಮೇಲೆ ಮಲಗಬಹುದು. ಅರ್ಧ ಕೂಲಿಗೆ ಕರೆದವನಿಗೆ “ಇಲ್ಲಪ್ಪ” ಎನ್ನಬಹುದು. ಊರಿನ ಹಿರಿಯರೆಲ್ಲ ಹಾಗೆನ್ನುವಂತಾದರೆ ಅರ್ಧ ಆಳಿನ ಲೆಕ್ಕ ತಾನಾಗಿ ಬಿದ್ದುಹೋಗುತ್ತದೆ.

ವಯಸ್ಸಿನ ಕಾಗದ

ಪಿಂಚಣಿಯ ಅರ್ಜಿ ಎಡವುವುದು ಹೆಚ್ಚಾಗಿ ವಯಸ್ಸಿನಲ್ಲಿ. ಜನನ ಮರಣ ನೋಂದಣಿಯ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದವರಿಗೆ ಹುಟ್ಟಿದ ದಿನದ ಕಾಗದವೇ ಇರುವುದು ಅಪರೂಪ. ಆಧಾರ್ ಮಾಡಿಸುವ ದಿನ ಯಾರೋ ಮುಖ ನೋಡಿ ಒಂದು ವರ್ಷ ಬರೆಸಿದರು. ತಾರೀಖು ಜನವರಿ 1 ಎಂದಾಯಿತು. ಆ ಅಂದಾಜಿನಲ್ಲಿ ಐದು ವರ್ಷ ಕಡಿಮೆಯಾಗಿದ್ದರೆ ಪಿಂಚಣಿಯೂ ಐದು ವರ್ಷ ತಡ.

ಸರಿಯಾದ ವರ್ಷವನ್ನು ಹುಡುಕುವುದು ಹೇಗೆ? ನಮ್ಮ ಹಿರಿಯರು ಇಸವಿ ಮರೆತರೂ ಸಂವತ್ಸರ ಮರೆಯುವುದಿಲ್ಲ. ಸಂವತ್ಸರಗಳು ಅರವತ್ತು. ಹುಟ್ಟಿದ ಸಂವತ್ಸರದ ಹೆಸರು ಮತ್ತೆ ಬಂದು, ಹುಟ್ಟಿದ ತಿಂಗಳು ತಿಥಿ ತಿರುಗಿದಾಗ ಅರವತ್ತು ತುಂಬಿತು. ಷಷ್ಟ್ಯಬ್ದಿ ಎನ್ನುವುದು ಅದನ್ನೇ. 1965ರ ಯುಗಾದಿಗೆ ಆರಂಭವಾದದ್ದು ವಿಶ್ವಾವಸು. ಅದೇ ಹೆಸರು 2025ರ ಯುಗಾದಿಗೆ ಮರಳಿತು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾದದ್ದು ದುರ್ಮುಖಿಯಲ್ಲಿ. ಸಂವತ್ಸರವೂ ನೆನಪಿಲ್ಲದಿದ್ದರೆ ಗಾಂಧೀಜಿ ತೀರಿಕೊಂಡದ್ದು (1948ರ ಜನವರಿ), ರಾಜ್ಯ ಒಂದಾದದ್ದು, ನಿಮ್ಮೂರಿನ ಕೆರೆ ಒಡೆದದ್ದು, ಇವುಗಳ ಹಿಂದೆ ಮುಂದೆ ಕೇಳುತ್ತ ಹೋಗಿರಿ. ಅವರಿಗಿಂತ ಕಿರಿಯ ತಮ್ಮನೋ ತಂಗಿಯೋ ಶಾಲೆಗೆ ಹೋಗಿದ್ದರೆ ಆ ದಾಖಲೆಯಿಂದಲೂ ಲೆಕ್ಕ ಸಿಗುತ್ತದೆ. ಮೊದಲನೆಯ ಮಗುವಿನ ವಯಸ್ಸೂ ಒಂದು ಸಾಕ್ಷಿ: ಮಗನಿಗೆ 52 ಆಗಿದ್ದು ತಾಯಿಗೆ 58 ಎಂದು ಬರೆದಿದ್ದರೆ ತಪ್ಪು ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತದೆ.

ಇದೆಲ್ಲ ನಿಮಗೆ ವರ್ಷ ಗೊತ್ತಾಗುವುದಕ್ಕೆ. ಕಚೇರಿಗೆ ಮಾತು ಸಾಲದು, ಕಾಗದ ಬೇಕು. ಹಳೆಯ ಮತದಾರರ ಪಟ್ಟಿ, ಚುನಾವಣಾ ಗುರುತಿನ ಚೀಟಿ, ಪಡಿತರ ಚೀಟಿ, ಶಾಲೆಯ ಬಿಡುಗಡೆ ಪತ್ರ ಇದ್ದುದನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿರಿ. ಆಧಾರಿನಲ್ಲಿ ಹುಟ್ಟಿದ ತಾರೀಖನ್ನು ತಿದ್ದಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ. ಆದುದರಿಂದ ಅವಸರದಲ್ಲಿ ಯಾರೋ ಹೇಳಿದ ವರ್ಷ ಹಾಕಿಸಬೇಡಿರಿ.

ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಆದಾಯದ ಮಿತಿಯುಂಟು, ಅದರ ಪ್ರಮಾಣಪತ್ರವೂ ಅಲ್ಲಿಯೇ ಆಗುತ್ತದೆ. ಬೇರೆ ಪಿಂಚಣಿ ಬರುತ್ತಿದ್ದರೆ ಇದು ದೊರೆಯುವುದಿಲ್ಲ. ಹಣ ಬ್ಯಾಂಕಿನ ಇಲ್ಲವೆ ಅಂಚೆಯ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಿಸಿರಬೇಕು. ಐವತ್ತು ವರ್ಷ ಗುದ್ದಲಿ ಹಿಡಿದ ಬೆರಳಿನ ಗೆರೆ ಸವೆದು ಯಂತ್ರ ಒಪ್ಪದಿರುವುದುಂಟು. ಆಗ ಮುದುಕರನ್ನು ಹತ್ತು ಸಲ ಅಲೆಸದೆ ಕಣ್ಣಿನ ಗುರುತಿನಿಂದ ಇಲ್ಲವೆ ಮೊಬೈಲಿಗೆ ಬರುವ ಅಂಕಿಯಿಂದ ಕೆಲಸ ಮುಗಿಸಬಹುದೆ ಎಂದು ಕೇಳಿರಿ. ಓದಿದ ಹುಡುಗರು ಒಂದು ದಿನದ ಕೆಲಸ ಬಿಟ್ಟು ಕೇರಿಯ ನಾಲ್ಕು ಹಿರಿಯರನ್ನು ಒಟ್ಟಿಗೆ ಕರೆದುಕೊಂಡು ಹೋಗಿ ಬರಲಿ. ಒಬ್ಬೊಬ್ಬರಾಗಿ ಹೋದರೆ ಬಸ್ಸಿನ ದಾರಿಯಲ್ಲೇ ಧೈರ್ಯ ಕರಗುತ್ತದೆ.

ಜಮೀನು ಬರೆದುಕೊಟ್ಟವರು

ಕೂಲಿಗೆ ಹೋಗುವ ಮುದುಕರೆಲ್ಲ ಹುಟ್ಟು ಕೂಲಿಗಳಲ್ಲ. ಮೂರೆಕರೆಯನ್ನು ಮಕ್ಕಳಿಗೆ ಭಾಗ ಮಾಡಿಕೊಟ್ಟು, ತಮ್ಮ ಹೆಸರಿಗೆ ಒಂದು ಗುಂಟೆಯನ್ನೂ ಇಟ್ಟುಕೊಳ್ಳದೆ, ಕೊನೆಗೆ ಆ ಮೂರೆಕರೆಯ ಪಕ್ಕದ ಹೊಲದಲ್ಲೇ ಕಳೆ ಕೀಳುವವರು ಇದ್ದಾರೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಮುಚ್ಚಿಟ್ಟರೆ ಹೋಗುವ ವಿಷಯವಲ್ಲ.

2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಒಂದು ಕಾಯಿದೆ ಬಂದಿತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ವಕೀಲರನ್ನು ಇಡಲೇಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶ ಕೊಡಿಸಬಹುದು. ಎದುರಿನವರಿಗೆ ನೋಟೀಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆಯಲ್ಲಿದೆ. ಇದರ 23ನೆಯ ಕಲಮನ್ನು ರೈತರೆಲ್ಲರೂ ತಿಳಿದಿರಬೇಕು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಮಾಡಿಸಲು ಅದು ದಾರಿ ಕೊಡುತ್ತದೆ. ಷರತ್ತು ಪತ್ರದಲ್ಲಿ ಇರಲಿಲ್ಲವೆಂದು ಸೋತವರಿದ್ದಾರೆ. ಆದುದರಿಂದ ದಾನಪತ್ರವಾಗಲಿ ಪಾಲುಪಟ್ಟಿಯಾಗಲಿ ಬರೆಸುವಾಗ, “ನಮ್ಮಿಬ್ಬರ ಅನ್ನ, ಬಟ್ಟೆ, ವಸತಿ, ಔಷಧಿಯನ್ನು ಜೀವವಿರುವವರೆಗೆ ನೋಡಿಕೊಳ್ಳತಕ್ಕದ್ದು” ಎಂಬ ಸಾಲನ್ನು ಪತ್ರ ಬರಹಗಾರರಿಗೆ ಹೇಳಿ ಬರೆಸಿರಿ. ಒಳ್ಳೆಯ ಮಗ ಇದಕ್ಕೆ ಬೇಸರಪಡುವುದಿಲ್ಲ. ಇದಕ್ಕಿಂತ ಒಳ್ಳೆಯದು, ಒಂದಿಷ್ಟು ಜಮೀನನ್ನು ಕೊನೆಯವರೆಗೆ ತಮ್ಮ ಹೆಸರಿನಲ್ಲೇ ಉಳಿಸಿಕೊಳ್ಳುವುದು.

ಪಟ್ಟಣದ ಕಾವಲು ಕೆಲಸ

ಮಳೆ ಕೈಕೊಟ್ಟ ವರ್ಷ ಅರವತ್ತರ ಆಸುಪಾಸಿನ ಗಂಡಸರು ಬೆಂಗಳೂರಿಗೆ ಹೋಗಿ ಗೇಟು ಕಾಯುವ ಕೆಲಸಕ್ಕೆ ಸೇರುತ್ತಾರೆ. ಕೂತು ಮಾಡುವ ಕೆಲಸ ಎಂದು ಊರಿನಲ್ಲಿ ಹೇಳಿಕೊಳ್ಳುತ್ತಾರೆ. ಹನ್ನೆರಡು ಗಂಟೆಯ ಪಾಳಿ, ರಾತ್ರಿಯ ನಿದ್ರೆ ಇಲ್ಲ, ಮಲಗುವುದು ನಾಲ್ಕು ಜನ ಸೇರಿದ ಒಂದು ಕೋಣೆಯಲ್ಲಿ.

ಹೋಗುವವರು ಎರಡು ವಿಷಯ ತಿಳಿದು ಹೋಗಲಿ. 2005ರ ಖಾಸಗಿ ಕಾವಲು ಸಂಸ್ಥೆಗಳ ಕಾಯಿದೆಯ ಪ್ರಕಾರ ಇಂಥ ಸಂಸ್ಥೆ 65 ವರ್ಷ ತುಂಬಿದವರನ್ನು ಕಾವಲುಗಾರರನ್ನಾಗಿ ಇಟ್ಟುಕೊಳ್ಳುವಂತಿಲ್ಲ. ಆದರೂ ಇಟ್ಟುಕೊಂಡರೆ ಆ ಹೆಸರು ಪುಸ್ತಕದಲ್ಲಿ ಇರುವುದು ಅನುಮಾನ. ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಭವಿಷ್ಯನಿಧಿ ಇಲ್ಲ, ಇ.ಎಸ್.ಐ. ಆಸ್ಪತ್ರೆ ಇಲ್ಲ, ಸಂಬಳ ಹಿಡಿದರೆ ಕೇಳಲು ಸಾಕ್ಷಿಯೂ ಇಲ್ಲ. ಈ ಕೆಲಸಕ್ಕೋಸ್ಕರ ಆಧಾರಿನಲ್ಲಿ ವಯಸ್ಸು ಇಳಿಸಿಕೊಂಡರೆ ಮುಂದೆ ಪಿಂಚಣಿಗೆ ಅದೇ ಅಡ್ಡ ಬರುತ್ತದೆ.

ಎರಡನೆಯದು ಭವಿಷ್ಯನಿಧಿಯ ಜೊತೆಗಿರುವ 1995ರ ಪಿಂಚಣಿ ಯೋಜನೆ. ಇದಕ್ಕೆ 58 ವರ್ಷದವರೆಗೆ ಮಾತ್ರ ಹಣ ಸೇರುತ್ತದೆ. ತಿಂಗಳ ಪಿಂಚಣಿ ಬೇಕಾದರೆ ಒಟ್ಟು ಹತ್ತು ವರ್ಷದ ಸೇವೆ ಇರಬೇಕು. ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ಗೊತ್ತಾಯಿತು. ಹರೆಯದಲ್ಲಿ ಗಿರಣಿಯಲ್ಲೋ ಸಕ್ಕರೆ ಕಾರ್ಖಾನೆಯಲ್ಲೋ ಐದಾರು ವರ್ಷ ದುಡಿದು ಊರಿಗೆ ಬಂದವರು ಆ ಹಳೆಯ ಸೇವೆಯ ಚೀಟಿಯನ್ನು ಎಸೆಯಬಾರದು. ಎರಡು ಕಡೆಯ ಸೇವೆ ಕೂಡಿ ಹತ್ತು ವರ್ಷವಾದೀತು. 58 ದಾಟಿ ಹೊಸದಾಗಿ ಸೇರಿದವರಿಗೆ ಪಿಂಚಣಿಯ ಭಾಗವಿಲ್ಲ, ಮಾಲೀಕರ ಪಾಲೆಲ್ಲ ಭವಿಷ್ಯನಿಧಿಗೇ ಹೋಗುತ್ತದೆ. ಕೆಲಸ ಬಿಟ್ಟು ಬರುವಾಗ ಅದನ್ನು ಬಿಡಿಸಿಕೊಂಡೇ ಬರಬೇಕು. ದಿನಕ್ಕೆ ಗೊತ್ತಾದ ಹೊತ್ತಿಗಿಂತ ಹೆಚ್ಚು ದುಡಿಸಿಕೊಂಡರೆ ಹೆಚ್ಚಿನ ಗಂಟೆಗಳಿಗೆ ಎರಡರಷ್ಟು ಕೂಲಿ ಸಲ್ಲಬೇಕು.

ಈಗ ಮೂವತ್ತರಲ್ಲಿರುವವರಿಗೆ

ಈ ಪಾಠವನ್ನು ಓದಿಹೇಳುತ್ತಿರುವ ಹುಡುಗರಿಗೂ ಒಂದು ಮಾತು. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗೆ ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಅರವತ್ತು ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000ದವರೆಗೆ, ನೀವು ಆರಿಸಿದಷ್ಟು ಪಿಂಚಣಿ. 5,000ಕ್ಕೆ 18ನೆಯ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 210 ಕಟ್ಟಬೇಕು, 30ರಲ್ಲಿ ಸೇರಿದವನು 577, 40ರಲ್ಲಿ ಸೇರಿದವನು 1,454. ಹನ್ನೆರಡು ವರ್ಷ ತಡಮಾಡಿದ್ದಕ್ಕೆ ಕಂತು ಎಷ್ಟಾಯಿತು ನೋಡಿರಿ. 1995ರಲ್ಲಿ ಕೊಟ್ಟ 75 ರೂಪಾಯಿ ಇಂದು ಎಷ್ಟಕ್ಕೆ ಬಾಳುತ್ತದೆ ಎಂಬುದನ್ನು ನೆನೆದರೆ 1,000ದ ಪಿಂಚಣಿಯನ್ನು ಆರಿಸುವುದು ಜಾಣತನವಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಕಟ್ಟಲಾಗದಷ್ಟು ದೊಡ್ಡ ಕಂತನ್ನೂ ಆರಿಸಬೇಡಿರಿ.

ಕಂತು ಬ್ಯಾಂಕಿನ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಖಾತೆಯಲ್ಲಿ ಹಣವಿಲ್ಲದ ದಿನ ಬಂದರೆ ದಂಡ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಎಂದು ಮೂರು ಬಗೆಯಲ್ಲಿ ಕಟ್ಟಬಹುದು. ಹಾಲು ಹಾಕುವ ಮನೆಯವರು ತಿಂಗಳ ಕಂತನ್ನು ಡೈರಿಯ ಬಟವಾಡೆಯ ಮಾರನೆಯ ದಿನಕ್ಕೆ ಹೊಂದಿಸಿಕೊಳ್ಳಲಿ. ರಾಗಿ, ಕಡಲೆಕಾಯಿ ನಂಬಿದವರಿಗೆ ಆರು ತಿಂಗಳ ಕಂತೇ ಹೊಂದುತ್ತದೆ.

ಹಿರಿಯರ ಪಿಂಚಣಿ, ಪೋಷಣೆ, ತೊಂದರೆ ಯಾವುದರ ಬಗ್ಗೆಯಾದರೂ ಕೇಳಬೇಕಾದರೆ ಹಿರಿಯರ ಸಹಾಯವಾಣಿ 14567. ಕರೆಗೆ ಹಣವಿಲ್ಲ.